ಮಗಳು ಫೋನ್ ಎತ್ತುವವರೆಗೂ ನಿಲ್ಲದ ಚಿಂತೆಗೆ ಏನು ಮಾಡಬೇಕು?

ಪ್ರಶ್ನೆ (ಹಾಸನದ ಗೃಹಿಣಿ):
ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಸಂಜೆ ಏಳಾಯಿತೆಂದರೆ ನನ್ನ ಮನಸ್ಸು ಒಂದೆಡೆ ನಿಲ್ಲುವುದಿಲ್ಲ. ಪಿ.ಜಿ. ತಲುಪಿದಳೋ ಇಲ್ಲವೋ, ಫೋನ್ ಏಕೆ ಎತ್ತುತ್ತಿಲ್ಲ ಎಂದು ಒಂದರ ಬೆನ್ನಿಗೊಂದು ಯೋಚನೆ ಬರುತ್ತದೆ. ಅವಳು ವಾಟ್ಸ್ಆಪ್‌ಗೆ ಕೊನೆಯ ಬಾರಿ ಬಂದದ್ದು ಯಾವಾಗ ಎಂದು ಮತ್ತೆ ಮತ್ತೆ ನೋಡುತ್ತೇನೆ. ದನಿ ಕೇಳಿದರೆ ಸಮಾಧಾನವಾಗುತ್ತದೆ, ಮರುದಿನ ಸಂಜೆ ಮತ್ತೆ ಅದೇ ಪಾಡು. "ಸುಮ್ಮನೆ ಯೋಚಿಸಬೇಡ" ಎನ್ನುವ ಮನೆಯವರು, ಯೋಚಿಸದೆ ಇರುವುದು ಹೇಗೆಂದು ಹೇಳುವುದಿಲ್ಲ. ಇದು ಕಾಯಿಲೆಯೇ?

ಉತ್ತರ 1 (ಆಪ್ತ ಸಮಾಲೋಚಕಿ):
ಆ ಸಲಹೆ ಫಲಿಸದಿರುವುದು ನಿಮ್ಮ ದೌರ್ಬಲ್ಯವಲ್ಲ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಕರಡಿ ಪದೇ ಪದೇ ನೆನಪಾಗುತ್ತಿದ್ದುದನ್ನು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ಚಿಂತೆಯನ್ನು ತಡೆಯುವುದಕ್ಕಿಂತ ಮುಂದೂಡುವುದು ಸುಲಭ. ಥಾಮಸ್ ಬೊರ್ಕೊವೆಕ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ವಿವರಿಸಿದ ವಿಧಾನದಂತೆ, ದಿನಕ್ಕೆ ಅರ್ಧ ಗಂಟೆಯನ್ನು ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ಚಿಂತೆಗೆಂದೇ ಮೀಸಲಿಡಿ. ಉಳಿದ ಹೊತ್ತಿನಲ್ಲಿ ಚಿಂತೆ ತಲೆಯೆತ್ತಿದರೆ ಅದನ್ನು ಚೀಟಿಯಲ್ಲಿ ಬರೆದಿಟ್ಟು ಕೈಯಲ್ಲಿರುವ ಕೆಲಸಕ್ಕೆ ಮರಳಿ. ಮಲಗುವ ಹೊತ್ತಂತೂ ಇದಕ್ಕೆ ಬೇಡ. ಬರೆದಿಟ್ಟ ಹಲವು ಚಿಂತೆಗಳ ಕಾವು ಆ ಅರ್ಧ ಗಂಟೆ ಬರುವಷ್ಟರಲ್ಲಿ ಇಳಿದಿರುತ್ತದೆ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಫೋನ್ ನೋಡುವ ಅಭ್ಯಾಸ. ಪ್ರತಿ ಸಲ ನೋಡಿದಾಗ ಸಿಗುವ ನಿರಾಳವೇ ಮುಂದಿನ ಸಲ ನೋಡುವಂತೆ ಒತ್ತಾಯಿಸುತ್ತದೆ. ನೋಡದೆ ಇದ್ದರೂ ಮಗಳು ಕ್ಷೇಮವಾಗಿಯೇ ಇರುತ್ತಾಳೆಂಬುದನ್ನು ಅನುಭವದಿಂದ ಕಲಿಯಲು ಮನಸ್ಸಿಗೆ ಅವಕಾಶವೇ ಸಿಗುವುದಿಲ್ಲ.

ಉತ್ತರ 2 (ಪುಣೆಯಲ್ಲಿರುವ ಕನ್ನಡಿಗ):
ಮಕ್ಕಳ ಕಡೆಯಿಂದ ಒಂದು ಮಾತು. ಅಮ್ಮ ಹೀಗೆ ಕರೆ ಮಾಡುತ್ತಿದ್ದಾಗ, ಜ್ವರವಿದ್ದರೂ "ಎಲ್ಲ ಚೆನ್ನಾಗಿದೆ" ಎನ್ನುವುದು ನನಗೆ ರೂಢಿಯಾಗಿತ್ತು, ಏಕೆಂದರೆ ನಿಜ ಹೇಳಿದರೆ ಅವರ ಆತಂಕವನ್ನೂ ನಾನೇ ಸಂಭಾಳಿಸಬೇಕಾಗುತ್ತಿತ್ತು. ಈಗ ರೂಮು ತಲುಪಿದೊಡನೆ ಒಂದು ಸಂದೇಶ, ಭಾನುವಾರ ಬಿಡುವಾಗಿ ಮಾತು ಎಂದು ಒಪ್ಪಿಕೊಂಡಿದ್ದೇವೆ. ಅವರಿಗೆ ಈಗ ಸುದ್ದಿ ಕಡಿಮೆ ಸಿಗುತ್ತದೆ, ಸಿಕ್ಕಿದ್ದು ನಿಜವಾಗಿರುತ್ತದೆ.

ಉತ್ತರ 3 (ವೈದ್ಯರು):
ಕಾಯಿಲೆಯೇ ಎಂದು ಕೇಳಿದ್ದೀರಿ. ಹಲವು ವಿಷಯಗಳ ಚಿಂತೆ ಆರು ತಿಂಗಳಾದರೂ ಹೆಚ್ಚಿನ ದಿನಗಳಲ್ಲಿ ಹಿಡಿತಕ್ಕೆ ಸಿಗದೆ, ನಿದ್ರಾಭಂಗ, ದಣಿವು, ಸ್ನಾಯುಗಳ ಬಿಗಿತ, ಸಿಡುಕು ಇವೂ ಜೊತೆಗೂಡಿ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಮನೋವೈದ್ಯರು ಅದನ್ನು ಆತಂಕದ ಕಾಯಿಲೆಯೆಂದು ಪರಿಗಣಿಸುತ್ತಾರೆ. ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಸಂಜೆಯ ಕಾಫಿಯನ್ನು ಕೆಲವು ದಿನ ಬಿಟ್ಟು ನೋಡಿ (ಹಾಸನದವರಿಗೆ ಇದು ಕಠಿಣ ಸಲಹೆಯೆಂದು ಬಲ್ಲೆ). ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು:
ಚಿಂತೆಗೆ ಸಂಜೆ ಐದು ಗಂಟೆಯನ್ನು ಗೊತ್ತು ಮಾಡಿಕೊಳ್ಳುತ್ತೇನೆ. ಆದರೆ ಒಪ್ಪಿದ ಹೊತ್ತಿಗೆ ಸಂದೇಶ ಬಾರದಿದ್ದರೆ?

ಉತ್ತರ 1 (ಆಪ್ತ ಸಮಾಲೋಚಕಿ):
ಎಷ್ಟು ಹೊತ್ತು ಕಾಯಬೇಕು, ಆಮೇಲೆ ಯಾರಿಗೆ ಕರೆ ಮಾಡಬೇಕು ಎಂಬುದನ್ನು ಮಗಳ ಜೊತೆ ಕುಳಿತು ಈಗಲೇ ತೀರ್ಮಾನಿಸಿ, ಅವಳ ಸಹವಾಸಿಯ ಸಂಖ್ಯೆಯನ್ನು ಅವಳಿಂದಲೇ ಪಡೆದಿಟ್ಟುಕೊಳ್ಳಿ. ಆ ಗಡುವು ಮೀರಿದರೆ ಸಂಕೋಚವಿಲ್ಲದೆ ಕರೆ ಮಾಡಿ.