ಸಹಾಯ ಬೇಕು: ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿರುವ ಚರ್ಚೆಗಳನ್ನು ಡಿಸ್ಕೋರ್ಸ್‌ಗೆ ಸಾಗಿಸುವುದು ಹೇಗೆ?

ನಮಸ್ಕಾರ. ಶಾಸನಗಳನ್ನು ಕುರಿತು ಚರ್ಚಿಸುವ ನಮ್ಮ ಗೂಗಲ್ ಗುಂಪು 2007ರಿಂದ ನಡೆಯುತ್ತಿದೆ. ಈಗ ಅದನ್ನು ನಮ್ಮದೇ ಸರ್ವರ್‌ನಲ್ಲಿರುವ ಡಿಸ್ಕೋರ್ಸ್ ಎಂಬ ಚರ್ಚಾವೇದಿಕೆ ತಂತ್ರಾಂಶಕ್ಕೆ ಸಾಗಿಸುತ್ತಿದ್ದೇವೆ. ಗೂಗಲ್‌ನಿಂದ ದತ್ತಾಂಶ ಇಳಿಸಿಕೊಳ್ಳುವ ಟೇಕ್‌ಔಟ್ ಸೇವೆಯ ಮೂಲಕ ಪತ್ರಗಳೆಲ್ಲ ಎಂಬಾಕ್ಸ್ (ಪತ್ರಗಳನ್ನು ಒಟ್ಟಿಗೆ ಇಡುವ) ಕಡತವಾಗಿ ಸಿಕ್ಕಿವೆ, ಡಿಸ್ಕೋರ್ಸ್‌ನ ಆಮದು ಸ್ಕ್ರಿಪ್ಟ್ ಕೂಡ ಸರಿಯಾಗಿ ಓಡಿತು. ಇಂದು ಎಲ್ಲೆಡೆ ಬಳಸುವ ಯುನಿಕೋಡ್ ಅಕ್ಷರಸಂಕೇತದ ಪತ್ರಗಳು ಚೆನ್ನಾಗಿ ಬಂದಿವೆ, ಯಾರಿಗೆ ಯಾರ ಉತ್ತರ ಎಂಬ ಕೊಂಡಿಯೂ ತಪ್ಪಿಲ್ಲ.

ತೊಡಕಿರುವುದು ಮೊದಲ ವರ್ಷಗಳ ಪತ್ರಗಳಲ್ಲಿ. ಆಗ ಅನೇಕರು ನುಡಿ, ಬರಹ ತಂತ್ರಾಂಶಗಳ, ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದ ಆಸ್ಕಿ ಫಾಂಟ್‌ಗಳಲ್ಲಿ ಬರೆಯುತ್ತಿದ್ದರು. ಅವೆಲ್ಲ ಈಗ ಅರ್ಥವಾಗದ ರೋಮನ್ ಅಕ್ಷರಗಳ ರಾಶಿ. ಇಡೀ ಕಡತವನ್ನು ಯುನಿಕೋಡ್ ಪರಿವರ್ತಕಕ್ಕೆ ಕೊಟ್ಟರೆ ನಡುವಿನ ಇಂಗ್ಲಿಷ್ ಸಾಲುಗಳು, ಕಳುಹಿಸಿದವರ ವಿಳಾಸ, ದಿನಾಂಕ ಎಲ್ಲವೂ ಕೆಡುತ್ತವೆ. ಎಚ್‌ಟಿಎಂಎಲ್ ಪತ್ರಗಳಲ್ಲಿ ಫಾಂಟಿನ ಹೆಸರು ಉಳಿದಿರುವುದರಿಂದ ಅವನ್ನು ಬೇರ್ಪಡಿಸಿ ಪರಿವರ್ತಿಸಿದೆ. ಬರಿಯ ಪಠ್ಯವಾಗಿ ಬಂದ ಉತ್ತರಗಳಲ್ಲಿ ಆ ಗುರುತೇ ಇಲ್ಲ. ವೀರಗಲ್ಲೊಂದರ ಪಾಠದ ಚರ್ಚೆಯನ್ನೇ ನೋಡಿ: ಮೇಲಿನ ಸಾಲು ಯುನಿಕೋಡ್, ಕೆಳಗೆ ಉಲ್ಲೇಖಿಸಿದ ಭಾಗ ನುಡಿ, ಮಧ್ಯೆ ಇಂಗ್ಲಿಷಿನಲ್ಲಿ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟ ಸಂಖ್ಯೆ. ಹೀಗೆ ಬರೆದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ಅವರ ಟಿಪ್ಪಣಿಗಳು ಬೇರೆಲ್ಲೂ ಸಿಗುವುದಿಲ್ಲ, ಕೈಬಿಡಲು ಮನಸ್ಸು ಒಪ್ಪುತ್ತಿಲ್ಲ.

ನನಗೆ ಪೈಥಾನ್ ಅಲ್ಪಸ್ವಲ್ಪ ಬರುತ್ತದೆ. ಫಾಂಟಿನ ಗುರುತಿಲ್ಲದ ಪತ್ರದಲ್ಲಿ ಯಾವ ಸಾಲು ಆಸ್ಕಿ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂದು ಪತ್ತೆಹಚ್ಚಿ, ಆ ಸಾಲುಗಳನ್ನಷ್ಟೇ ಪರಿವರ್ತಿಸುವ ವಿಧಾನ ಬಲ್ಲವರು ಯಾರಾದರೂ ಇದ್ದೀರಾ?