ಎಳೆಯುವಾಗ ಪಕ್ಕಕ್ಕೆ ವಾಲಿ ಮಗುಚುವ ಸಾಲ್ವೇಜ್ ಹಡಗಿನ ಮಾಡೆಲ್: ಏನು ಮಾಡಲಿ?

ಹಾಯಿಪಟ:
ಎಲ್ಲರಿಗೂ ನಮಸ್ಕಾರ. ಅಮೆರಿಕ ನೌಕಾಪಡೆಯ ಸೇಫ್‌ಗಾರ್ಡ್ ದರ್ಜೆಯ ರಕ್ಷಣಾ ಹಾಗೂ ಸಾಲ್ವೇಜ್ (ಕೆಟ್ಟ, ಮುಳುಗಿದ ಹಡಗುಗಳನ್ನು ಕಾಪಾಡಿ ತರುವ) ಹಡಗನ್ನು 1:72 ಅಳತೆಯಲ್ಲಿ ರಿಮೋಟ್ ಮಾಡೆಲ್ ಆಗಿ ಕಟ್ಟಿದ್ದೇನೆ. ಉದ್ದ 108 ಸೆಂ.ಮೀ., ಎಲ್ಲ ಸೇರಿ ತೂಕ 8.8 ಕೆ.ಜಿ. ಎರಡು ಬ್ರಶ್‌ಲೆಸ್ ಮೋಟರ್, ಎರಡು ಪ್ರೊಪೆಲ್ಲರ್, ಎರಡಕ್ಕೂ ಕೋರ್ಟ್ ನಾಜಲ್ (ಎಳೆಯುವ ಬಲ ಹೆಚ್ಚಲು ಪ್ರೊಪೆಲ್ಲರ್ ಸುತ್ತ ಕೂರಿಸುವ ಬಳೆ).

ಒಂಟಿಯಾಗಿ ಓಡುವಾಗ ಏನೂ ತೊಂದರೆಯಿಲ್ಲ. ಕೆಟ್ಟು ನಿಂತ ಹಡಗನ್ನು ಎಳೆದು ತರುವುದೇ ಇದರ ಕೆಲಸ ಅಂತ 14 ಕೆ.ಜಿ. ತೂಕದ ಸರಕು ಹಡಗಿನ ಮಾಡೆಲ್ ಕಟ್ಟಿ ಎಳೆಸಿದೆ. ನೇರ ಹೋಗುವಾಗ ಚೆನ್ನಾಗಿದೆ. ತಿರುಗಿಸಲು ಹೊರಟರೆ ಹಗ್ಗ ಪಕ್ಕಕ್ಕೆ ಬರುತ್ತದೆ, ಹಡಗು ಒಂದೇ ಸಮನೆ ವಾಲಿ ಡೆಕ್ ಅಂಚು ನೀರಿಗಿಳಿಯುತ್ತದೆ. ಥ್ರಾಟಲ್ ಬಿಟ್ಟರೆ ಹಿಂದಿನ ಹಡಗು ಮುನ್ನುಗ್ಗಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಯಾಕೆ ಹೀಗೆ?

ಮರಗೆಲಸ:
ತಳದಲ್ಲಿ ಸೀಸ ಹಾಕಿ. ಮಾಡೆಲ್‌ಗಳಲ್ಲಿ ಮೇಲ್ಭಾಗ ಭಾರವಾಗುವುದು ಸಾಮಾನ್ಯ.

ಹಾಯಿಪಟ:
ಸೀಸಕ್ಕೆ ಜಾಗವಿಲ್ಲ ಸರ್, ಈಗಲೇ ನೀರಿನ ಗೆರೆ ಸರಿಯಾಗಿ ಕೂತಿದೆ. ಇನ್ನು ಹಾಕಿದರೆ ಮುಳುಗಿದಂತೆ ಕಾಣುತ್ತದೆ.

ಲಂಗರುಗಲ್ಲು:
ಸೀಸದ ಮಾತು ಆಮೇಲೆ. ಮೊದಲು ಮೂರು ವಿಷಯ ತಿಳಿಸಿ. ಹಗ್ಗ ಕಟ್ಟುವ ಕೊಕ್ಕೆ ಎಲ್ಲಿದೆ, ನೀರಿನಿಂದ ಎಷ್ಟು ಎತ್ತರ? ಹಡಗನ್ನು ದಡಕ್ಕೆ ಕಟ್ಟಿ ಪೂರ್ತಿ ಥ್ರಾಟಲ್ ಕೊಟ್ಟರೆ ಎಷ್ಟು ಎಳೆಯುತ್ತದೆ? ಹಲ್ (ಹಡಗಿನ ಒಡಲು) ಒಳಗೆ ನೀರು ತುಂಬುವ ಟ್ಯಾಂಕ್ ಏನಾದರೂ ಇದೆಯಾ?

ಹಾಯಿಪಟ:
ಕೊಕ್ಕೆ ಹಿಂಡೆಕ್‌ನ ಮುಂಭಾಗದಲ್ಲಿ, ವಿಂಚ್ (ಹಗ್ಗ ಸುತ್ತುವ ಯಂತ್ರ) ಮೇಲೆ, ನೀರಿನಿಂದ ಸುಮಾರು 6 ಸೆಂ.ಮೀ. ಎತ್ತರ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಸಿಕ್ಕಿಸಿ ನೋಡಿದೆ, 900 ಗ್ರಾಂ ತೋರಿಸಿತು. ಬೆಂಕಿ ಆರಿಸುವ ಮಾನಿಟರ್ (ನೀರಿನ ಫಿರಂಗಿ) ನಿಜವಾಗಿ ನೀರು ಚಿಮ್ಮಲಿ ಅಂತ ಒಳಗೆ 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ಟ್ಯಾಂಕ್ ಇಟ್ಟಿದ್ದೇನೆ. ಸಾಮಾನ್ಯವಾಗಿ ಅರ್ಧ ತುಂಬಿರುತ್ತದೆ.

ಲಂಗರುಗಲ್ಲು:
ಹಾಗಿದ್ದರೆ ಕಾರಣ ಸಿಕ್ಕಿತು. ನಿಮ್ಮ ಮಾಡೆಲ್ ಕಟ್ಟುವಾಗ ಕೆಟ್ಟಿಲ್ಲ. ನಿಜವಾದ ಟಗ್‌ಗಳನ್ನು (ಬೇರೆ ಹಡಗುಗಳನ್ನು ಎಳೆಯುವ ಹಡಗುಗಳನ್ನು) ಮುಳುಗಿಸಿದ ತೊಂದರೆಯೇ ನಿಮ್ಮ ಕೊಳದಲ್ಲೂ ಬಂದಿದೆ. ಟಗ್ ನಾವಿಕರು ಇದಕ್ಕೆ ಗರ್ಟಿಂಗ್ ಅನ್ನುತ್ತಾರೆ. ಎಳೆಯುವ ಹಗ್ಗ ಹಿಂದಕ್ಕಿರುವ ಬದಲು ಅಡ್ಡಡ್ಡವಾಗಿ ನಿಂತು, ಹಡಗನ್ನು ಪಕ್ಕಕ್ಕೆ ಜಗ್ಗಿ ಮಗುಚುವುದು. 2007ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿಯಲ್ಲಿ ಮಂಜು ಕವಿದಿದ್ದಾಗ ಫ್ಲೈಯಿಂಗ್ ಫ್ಯಾಂಟಮ್ ಎಂಬ ಟಗ್ ಹೀಗೇ ಮಗುಚಿ ಮೂವರು ತೀರಿಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ಶೆಟ್‌ಲೆಂಡ್‌ನ ಪಶ್ಚಿಮಕ್ಕೆ ಬೂರ್ಬನ್ ಡಾಲ್ಫಿನ್ ಎಂಬ ಹಡಗು ಮಗುಚಿತು, ಎಂಟು ಜೀವ ಹೋಯಿತು. ಅಲ್ಲಿ ನಡೆಯುತ್ತಿದ್ದದ್ದು ಲಂಗರಿನ ಕೆಲಸ. ಆದರೂ ಭಾರದ ಸರಪಳಿ ಡೆಕ್ ಮಧ್ಯದಿಂದ ಬದಿಯತ್ತ ಸರಿದಾಗ ಹಡಗು ತಡೆಯಲಿಲ್ಲ.

ಈಗ ಲೆಕ್ಕ ನೋಡೋಣ. ಸೇಫ್‌ಗಾರ್ಡ್‌ನ ಎಳೆಯುವ ಬಲ ಸುಮಾರು 60 ಟನ್. ಅಳತೆ 72 ಪಟ್ಟು ಇಳಿದರೆ ಉದ್ದ 72ರಷ್ಟು ಇಳಿಯುತ್ತದೆ. ಬಲ ಮತ್ತು ತೂಕ ಮಾತ್ರ 72ರ ಘನದಷ್ಟು, ಅಂದರೆ 3,73,248 ಪಟ್ಟು ಇಳಿಯಬೇಕು. 60 ಟನ್ನನ್ನು ಅದರಿಂದ ಭಾಗಿಸಿದರೆ 160 ಗ್ರಾಂ. ನಿಮ್ಮದು 900 ಗ್ರಾಂ! ಮೂಲ ಹಡಗಿಗೆ 300 ಟನ್ನಿಗೂ ಹೆಚ್ಚು ಎಳೆಯುವ ಎಂಜಿನ್ ಕೂರಿಸಿದಂತಾಯಿತು. ತೂಕ ಸರಿಯಾದ ಅಳತೆಗಿಳಿದಿದೆ, ಬಲ ಇಳಿದಿಲ್ಲ. ಮಾಡೆಲ್ ಟಗ್ ಕಟ್ಟುವವರು ಇದನ್ನು ಗಮನಿಸುವುದೇ ಅಪರೂಪ, ಏಕೆಂದರೆ ಒಂಟಿಯಾಗಿ ಓಡಿಸುವಾಗ ಬಲ ಹೆಚ್ಚಿದ್ದರೆ ಖುಷಿಯಾಗುತ್ತದೆ.

ನೀರಿನೊಳಗೆ ಹಲ್ ಪಕ್ಕಕ್ಕೆ ತಡೆ ಒಡ್ಡುವ ಜಾಗ ನೀರಿನ ಗೆರೆಯಿಂದ ಸುಮಾರು 3.5 ಸೆಂ.ಮೀ. ಕೆಳಗೆ. ಕೊಕ್ಕೆ 6 ಸೆಂ.ಮೀ. ಮೇಲೆ. ನಡುವಿನ ಅಂತರ ಹತ್ತಿರ ಹತ್ತಿರ 10 ಸೆಂ.ಮೀ. ಹಗ್ಗ ಪೂರ್ತಿ ಅಡ್ಡ ಬಂದಾಗ 0.9 ಕೆ.ಜಿ. ಬಲ ಆ ಅಂತರದಿಂದ ಮಗುಚುತ್ತದೆ, ಅಂದರೆ ಬಲ ಗುಣಿಸು ಅಂತರ, 9 ಕೆ.ಜಿ.-ಸೆಂ.ಮೀ. ಅದನ್ನು ತಡೆಯಬೇಕಾದ್ದು ಹಡಗಿನ ಸ್ಥಿರತೆ. ಅದನ್ನು ಅಂದಾಜಿನಲ್ಲಿ ಹೇಳುವುದಕ್ಕಿಂತ ಅಳೆದು ನೋಡಿ. ನಿಂತ ನೀರಿನಲ್ಲಿ ಡೆಕ್ ಮೇಲೆ 200 ಗ್ರಾಂ ತೂಕವನ್ನು ಮಧ್ಯದಿಂದ 10 ಸೆಂ.ಮೀ. ಪಕ್ಕಕ್ಕೆ ಸರಿಸಿ. ಹಡಗಿನ ಮೇಲೆ 20 ಸೆಂ.ಮೀ. ದಾರದ ತೂಗುಗುಂಡು ಕಟ್ಟಿ, ಅದು ಎಷ್ಟು ಸರಿಯಿತು ಗುರುತು ಹಾಕಿ. ಹಡಗು ಕಟ್ಟುವ ನೆಲೆಗಳಲ್ಲಿ ನಿಜವಾದ ಹಡಗಿಗೂ ಇದೇ ಪರೀಕ್ಷೆ ಮಾಡುತ್ತಾರೆ. ಟ್ಯಾಂಕ್ ಖಾಲಿ ಇಟ್ಟು ಅಳೆಯಿರಿ.

ಹಾಯಿಪಟ:
ತುಂಬಾ ಧನ್ಯವಾದ. ಅಳೆದೆ. ಗುಂಡು 3.8 ಸೆಂ.ಮೀ. ಸರಿಯಿತು.

ಲಂಗರುಗಲ್ಲು:
3.8ನ್ನು 20ರಿಂದ ಭಾಗಿಸಿದರೆ 0.19. 200 ಗುಣಿಸು 10, ಅದನ್ನು 8800 ಗುಣಿಸು 0.19ರಿಂದ ಭಾಗಿಸಿದರೆ 1.2 ಸೆಂ.ಮೀ. ಇದು ನಿಮ್ಮ ಮೆಟಾಸೆಂಟರ್ ಎತ್ತರ, ಅಂದರೆ ಹಡಗಿನ ಸ್ಥಿರತೆಯ ಅಳತೆ; ಹೆಚ್ಚಿದ್ದಷ್ಟೂ ವಾಲುವುದು ಕಡಿಮೆ. 20 ಡಿಗ್ರಿ ವಾಲಿದಾಗ ಹಡಗು ಎದ್ದು ನಿಲ್ಲಲು ತೋರಿಸುವ ಶಕ್ತಿ 3.6 ಕೆ.ಜಿ.-ಸೆಂ.ಮೀ. ಅಷ್ಟೇ. ಎದುರಿಗಿರುವುದು 9. ಮಗುಚದೆ ಇನ್ನೇನಾದೀತು? ಬಲವನ್ನು 160 ಗ್ರಾಂಗೆ ಇಳಿಸಿದರೆ ಅದೇ ಜಗ್ಗಾಟಕ್ಕೆ ಹಡಗು ಹತ್ತು ಡಿಗ್ರಿಯೊಳಗೆ ನಿಲ್ಲುತ್ತದೆ.

ಟ್ಯಾಂಕ್ ವಿಷಯ ನನಗೆ ಬಹಳ ಮುಖ್ಯ. ಅರ್ಧ ತುಂಬಿದ ನೀರು ಹಡಗು ವಾಲಿದ ಕಡೆಗೇ ಓಡುತ್ತದೆ. ನಿಮ್ಮ ಟ್ಯಾಂಕ್ ಅಳತೆಗೆ ಆ 1.2ರಲ್ಲಿ ಸುಮಾರು 0.25 ಸೆಂ.ಮೀ. ಹೋಗುತ್ತದೆ, ಐದನೇ ಒಂದು ಪಾಲು. ಟ್ಯಾಂಕನ್ನೇ ತೆಗೆದು, ತಳದಲ್ಲಿ ತೂತು ಮಾಡಿ ಪಂಪ್ ನೇರ ಹೊರಗಿನ ನೀರನ್ನೇ ಎಳೆಯುವಂತೆ ಮಾಡಿ. ನಿಜವಾದ ಹಡಗಿನ ಮಾನಿಟರ್‌ಗೂ ಸಮುದ್ರದ ನೀರೇ. ಉರಿಯುವ ಹಡಗಿನ ಮೇಲೆ ಸುರಿದ ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು ಸಾಲ್ವೇಜ್ ಸಿಬ್ಬಂದಿಗೆ ಬೆಂಕಿಯಷ್ಟೇ ದೊಡ್ಡ ಚಿಂತೆ. 1942ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ಭಾರಿ ಹಡಗಿಗೆ ಬೆಂಕಿ ಬಿದ್ದಾಗ, ಆರಿಸಲು ಸುರಿದ ನೀರು ಮೇಲಿನ ಅಂತಸ್ತುಗಳಲ್ಲಿ ನಿಂತು ಹಡಗು ಕಟ್ಟೆಯ ಪಕ್ಕದಲ್ಲೇ ಮಗುಚಿಬಿತ್ತು. ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು 1943ರವರೆಗೆ ಸಾಲ್ವೇಜ್ ಕೆಲಸ ನಡೆಯಿತು.

ಇನ್ನು ಹಗ್ಗ. ಸೇಫ್‌ಗಾರ್ಡ್‌ನಲ್ಲಿ ವಿಂಚ್ ಮುಂದಿದ್ದರೂ ಎಳೆಯುವ ಉಕ್ಕಿನ ತಂತಿ ಡೆಕ್ ಮೇಲೆ ಹಾದು ತೀರಾ ಹಿಂದಿನ ರೋಲರ್ ಮೇಲಿಂದ ಹೊರಹೋಗುತ್ತದೆ. ಅದು ಬದಿಗೆ ಜಾರದಂತೆ ಅಂಚಿನಲ್ಲಿ ಎಬ್ಬಿಸಿ ನಿಲ್ಲಿಸುವ ಗೂಟಗಳಿವೆ, ನಾರ್ಮನ್ ಪಿನ್ ಅಂತ. ಬಲ ಬೀಳುವುದು ಹಿಂದೆ ಮತ್ತು ತಗ್ಗಿನಲ್ಲಿ. ಆಗ ಹಗ್ಗ ಅಡ್ಡ ಬಂದರೂ ಹಡಗಿನ ಹಿಂಭಾಗ ಆ ಕಡೆ ತಿರುಗುತ್ತದೆಯೇ ಹೊರತು ಹಡಗು ಉರುಳುವುದಿಲ್ಲ. ನೀವು ವಿಂಚ್‌ನಿಂದಲೇ ನೇರ ಹಗ್ಗ ಬಿಟ್ಟಿದ್ದೀರಿ. ಎರಡು ಹಿತ್ತಾಳೆ ಕಡ್ಡಿಗಳನ್ನು ಹಿಂದಿನ ಅಂಚಿನಲ್ಲಿ 4 ಸೆಂ.ಮೀ. ಅಂತರದಲ್ಲಿ ನಿಲ್ಲಿಸಿ ಹಗ್ಗ ಅವುಗಳ ಮಧ್ಯೆ ಹಾಯಲಿ. ಮೇಲಕ್ಕೆ ಹಾರದಂತೆ ತಲೆಗೆ ಅಡ್ಡಪಟ್ಟಿ ಇರಲಿ.

ಮರಗೆಲಸ:
ಮೋಟರ್ ಬದಲಿಸಬೇಕಾ? ರಿಮೋಟ್‌ನಲ್ಲೇ ಥ್ರಾಟಲ್ ಮಿತಿ ಹಾಕಿದರೆ ಸಾಲದೇ?

ಲಂಗರುಗಲ್ಲು:
ಸಾಕು. ಒಂದು ಸ್ವಿಚ್‌ಗೆ ಎಳೆಯುವಾಗಿನ ಮಿತಿ ಕೊಡಿ. ತಕ್ಕಡಿ ಹಿಡಿದೇ ಹೊಂದಿಸಿ, ಶೇಕಡಾ ಲೆಕ್ಕ ನಂಬಬೇಡಿ. ಥ್ರಾಟಲ್ ಅರ್ಧ ಮಾಡಿದರೆ ಬಲ ಅರ್ಧವಾಗುವುದಿಲ್ಲ.

ಹಾಯಿಪಟ:
ಟ್ಯಾಂಕ್ ತೆಗೆದೆ, ಪಿನ್ ಹಾಕಿದೆ, ಬಲ 200 ಗ್ರಾಂಗೆ ಇಳಿಸಿದೆ. ಈಗ ವಾಲುವುದು ಕಣ್ಣಿಗೆ ಬೀಳುವುದೇ ಇಲ್ಲ! ಆದರೆ ಹೊಸ ತೊಂದರೆ: ಹಡಗು ತಿರುಗುತ್ತಲೇ ಇಲ್ಲ. ಚುಕ್ಕಾಣಿ ಪೂರ್ತಿ ತಿರುಗಿಸಿದರೂ ನೇರ ಹೋಗುತ್ತದೆ.

ಲಂಗರುಗಲ್ಲು:
ಅದು ಸಹಜ. ಚುಕ್ಕಾಣಿ ಕೆಲಸ ಮಾಡಲು ಹಿಂಭಾಗ ಪಕ್ಕಕ್ಕೆ ಸರಿಯಬೇಕು, ಅದನ್ನು ಹಗ್ಗ ಹಿಡಿದುಕೊಂಡಿದೆ. ಹಳೆಯ ಮಾದರಿಯ ಬಂದರಿನ ಟಗ್‌ಗಳು ಕೊಕ್ಕೆಯನ್ನು ಮಧ್ಯಕ್ಕೆ ಹತ್ತಿರ ಇಡುವುದು ಇದೇ ಕಾರಣಕ್ಕೆ. ಅಲ್ಲಿ ಚುರುಕು ಸಿಗುತ್ತದೆ, ಜೊತೆಗೆ ಮಗುಚುವ ಅಪಾಯವೂ. ತೆರೆದ ಸಮುದ್ರದಲ್ಲಿ ದಿನಗಟ್ಟಲೆ ಎಳೆಯುವ ಸಾಲ್ವೇಜ್ ಹಡಗಿಗೆ ಸುರಕ್ಷತೆ ಮುಖ್ಯ. ಪಿನ್‌ಗಳ ಅಂತರವನ್ನು 8 ಸೆಂ.ಮೀ.ಗೆ ಹೆಚ್ಚಿಸಿ ನೋಡಿ, ಎರಡು ಮೋಟರ್‌ಗಳನ್ನು ಬೇರೆ ಬೇರೆ ನಡೆಸಿ, ತಿರುವನ್ನು ಬಹಳ ಮೊದಲೇ ಶುರುಮಾಡಿ. ಹಗ್ಗ ಉದ್ದ ಮಾಡಿ ಮಧ್ಯೆ ಒಂದು ತುಂಡು ಸಣ್ಣ ಸರಪಳಿ ಸೇರಿಸಿ. ಅದು ನೀರಿನಲ್ಲಿ ತೂಗಿ ಜಗ್ಗಾಟವನ್ನು ನುಂಗುತ್ತದೆ, ದೊಡ್ಡ ಹಡಗುಗಳಲ್ಲೂ ಹೀಗೇ ಮಾಡುತ್ತಾರೆ. ಥ್ರಾಟಲ್ ಮಾತ್ರ ಒಮ್ಮೆಲೇ ಬಿಡಬೇಡಿ, ಹಿಂದಿನ ಹಡಗಿಗೆ ಬ್ರೇಕ್ ಇಲ್ಲ.

ಕೊನೆಯದಾಗಿ, ಹಗ್ಗವನ್ನು ಗಂಟು ಹಾಕಿ ಕಟ್ಟಬೇಡಿ. ಸಣ್ಣ ಸರ್ವೋ (ರಿಮೋಟ್‌ ಹೇಳಿದಷ್ಟು ತಿರುಗುವ ಪುಟ್ಟ ಮೋಟರ್) ಎಳೆದರೆ ಕಳಚುವ ಪಿನ್‌ಗೆ ಸಿಕ್ಕಿಸಿ, ಬೇರೆ ಚಾನೆಲ್ ಕೊಡಿ. ಸಿಗ್ನಲ್ ತಪ್ಪಿದರೆ ಮೋಟರ್ ನಿಲ್ಲುವಂತೆ, ಪಿನ್ ಕಳಚುವಂತೆ ಫೇಲ್‌ಸೇಫ್ ಹೊಂದಿಸಿ. ಹಗ್ಗ ಬಿಗಿಯಾಗಿದ್ದಾಗಲೂ ಪಿನ್ ಕಳಚುತ್ತದೆಯೇ ಅಂತ ದಡದಲ್ಲೇ 900 ಗ್ರಾಂ ಜಗ್ಗಿ ಪರೀಕ್ಷಿಸಿ. ಸಡಿಲವಾಗಿದ್ದಾಗ ಎಲ್ಲ ಪಿನ್ನೂ ಕಳಚುತ್ತದೆ.

ಹಾಯಿಪಟ:
ಸರ್ವೋ ತರಿಸಿದ್ದೇನೆ. ಪಿನ್‌ಗೆ ಸೈಕಲ್ ಚಕ್ರದ ಕಡ್ಡಿ ಸಾಕಾಗುತ್ತದೆಯೇ?

ಲಂಗರುಗಲ್ಲು:
ಧಾರಾಳ. ತುದಿಯನ್ನು ದುಂಡಗೆ ಉಜ್ಜಿ, ಹಗ್ಗದ ಕಣ್ಣಿಗೆ ಚಿಕ್ಕ ಲೋಹದ ಬಳೆ ಹಾಕಿ. ದಾರ ನೇರವಾಗಿ ಕಡ್ಡಿಗೆ ತಾಗಿದರೆ ಒದ್ದೆಯಾದಾಗ ಅಂಟಿಕೊಳ್ಳುತ್ತದೆ.