ದಡಾರದ ಎಸ್‌ಐಆರ್ ಮಾದರಿ: ಶೇ. 94 ಲಸಿಕೆಗೆ ರೋಗ ನಿಜವಾಗಿ ನಿಲ್ಲುತ್ತಾ?

ಪ್ರಶ್ನೆ
ಪೈಥಾನ್‌ನಲ್ಲಿ ದಡಾರಕ್ಕೆ ಎಸ್‌ಐಆರ್ ಬರೆದಿದ್ದೇನೆ: ಜನರನ್ನು ಎಸ್ (ಸೋಂಕು ತಗಲಬಹುದಾದವರು), ಐ (ಸೋಂಕಿತರು), ಆರ್ (ರೋಗನಿರೋಧಕ ಶಕ್ತಿ ಪಡೆದವರು) ಎಂದು ಮೂರು ಗುಂಪು ಮಾಡುವ ಮಾದರಿ. ಜನಸಂಖ್ಯೆ (ಎನ್) 1,00,000, ಆರ್‌ನಾಟ್ (ಯಾರಿಗೂ ನಿರೋಧಕ ಶಕ್ತಿ ಇಲ್ಲದಾಗ ಒಬ್ಬ ಸೋಂಕಿತನಿಂದ ಸೋಂಕು ತಗಲುವವರ ಸರಾಸರಿ ಸಂಖ್ಯೆ) 15, ಸೋಂಕು ಹರಡುವ ಅವಧಿ 8 ದಿನ. ಅಂದರೆ ಗಾಮಾ (ದಿನಕ್ಕೆ ಗುಣವಾಗುವ ದರ) 1/8 = 0.125, ಬೀಟಾ (ದಿನಕ್ಕೆ ಸೋಂಕು ಹರಡುವ ದರ) 15 × 0.125 = 1.875. ಆಯ್ಲರ್ ವಿಧಾನ (ಸಮೀಕರಣವನ್ನು ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ಬಿಡಿಸುವುದು), ಒಂದು ದಿನದ ಹೆಜ್ಜೆ. ಲಸಿಕೆ ಇಲ್ಲದೆ ಓಡಿಸಿದರೆ ಎಸ್ ಮೈನಸ್‌ಗೆ ಇಳಿಯುತ್ತೆ. ಲಸಿಕೆ ಪಡೆದ ಶೇ. 94 ಮಂದಿಯನ್ನು ಆರ್ ಗುಂಪಿಗೆ ಹಾಕಿದರೆ ರೋಗ ತಾನಾಗೇ ಅಡಗುತ್ತೆ. ಆದರೆ ಅಷ್ಟು ಲಸಿಕೆ ದಾಖಲಾದ ಕಡೆಯೂ ದಡಾರ ಏಳುತ್ತಲ್ಲ?

ಉತ್ತರ 1
ಮೈನಸ್‌ಗೆ ಕಾರಣ ಹೆಜ್ಜೆಯ ಅಳತೆ. ಪ್ರತಿ ಹೆಜ್ಜೆಗೂ ನೀವು ಕಳೆಯುವುದು ಎಸ್‌ನಲ್ಲಿ ಬೀಟಾ × ಐ/ಎನ್ × ಹೆಜ್ಜೆಯಷ್ಟು ಪಾಲು. ಐ/ಎನ್ 0.53 ದಾಟಿದರೆ ಆ ಪಾಲು 1ನ್ನು ಮೀರುತ್ತೆ, ಇರುವವರಿಗಿಂತ ಹೆಚ್ಚು ಜನರನ್ನು ಕಳೆದ ಹಾಗೆ. ಆರ್‌ನಾಟ್ 15 ಇದ್ದಾಗ ಐ ಶೇ. 75ರ ತನಕ ಏರುವುದರಿಂದ ಇದು ಆಗಿಯೇ ತೀರುತ್ತೆ. ಹೆಜ್ಜೆಯನ್ನು 0.05 ದಿನಕ್ಕೆ ಇಳಿಸಿ, ಇಲ್ಲವೇ ಪೈಥಾನ್‌ನ ಸೈಪೈ ಲೈಬ್ರರಿಯ ಸಮೀಕರಣ ಸಾಲ್ವರ್ ಬಳಸಿ. ಎಸ್ ಮೈನಸ್ ಆದಾಗ ಸೊನ್ನೆ ಮಾಡಿ ಸುಮ್ಮನಾಗಬೇಡಿ: ಐಗೆ ಸೇರಿದ ಹೆಚ್ಚುವರಿ ಜನ ಅಲ್ಲೇ ಉಳಿದು ಒಟ್ಟು 1,00,000 ಮೀರುತ್ತೆ.

ಉತ್ತರ 2
ಎರಡನೆಯದು ಕೋಡ್‌ನ ತಪ್ಪಲ್ಲ, ಊಹೆಯದು. ಲಸಿಕೆ ಹಾಕಿಸಿಕೊಂಡವರೆಲ್ಲ ಆರ್‌ಗೆ ಹೋಗಲ್ಲ. 9 ತಿಂಗಳಲ್ಲಿ ಕೊಡುವ ಮೊದಲ ಡೋಸ್ ಹಿಡಿಯುವುದು ಸುಮಾರು ಶೇ. 85 ಮಕ್ಕಳಲ್ಲಿ, ತಾಯಿಯಿಂದ ಬಂದ ಪ್ರತಿಕಾಯಗಳು ಅಡ್ಡಬರುತ್ತವೆ. ಹಾಗಾಗಿ ಒಂದೇ ಡೋಸ್ ಲೆಕ್ಕದಲ್ಲಿ ಎಸ್ ಶುರುವಾಗಬೇಕಾದ್ದು 0.06ರಿಂದಲ್ಲ, 1 − 0.94 × 0.85 = 0.201ರಿಂದ. 15ರಿಂದ ಗುಣಿಸಿದರೆ 3, ಅಂದರೆ ಶುರುವಿನಲ್ಲಿ ಒಬ್ಬ ಸೋಂಕಿತನಿಂದ ಮೂವರಿಗೆ; ಇದು 1ಕ್ಕಿಂತ ಹೆಚ್ಚಿದ್ದರೆ ರೋಗ ಹರಡುತ್ತೆ. ಕೊನೆಗೆ ಸುಮಾರು 18,900 ಮಂದಿಗೆ ಸೋಂಕು ತಗಲಿರಬೇಕು, ನಿಮ್ಮ ಕೋಡ್ ಸರಿಯಿದೆಯೇ ಅಂತ ಇದರಲ್ಲೇ ನೋಡಿಕೊಳ್ಳಬಹುದು.
ಎರಡು ಡೋಸ್‌ಗೆ ಶೇ. 97 ಹಿಡಿಯಿರಿ. ಆಗಲೂ ಶೇ. 94ಕ್ಕೆ 1.3 ಬರುತ್ತೆ; ರೋಗ ನಿಲ್ಲಲು (1 − 1/15) ÷ 0.97, ಅಂದರೆ ಶೇ. 96.2 ಬೇಕು. 16–24 ತಿಂಗಳ ಡೋಸ್‌ನ ಮುಖ್ಯ ಕೆಲಸ ಮೊದಲನೆಯದು ಹಿಡಿಯದೆ ಬಿಟ್ಟವರನ್ನು ಹಿಡಿಯುವುದು. ಹಾಗಾಗಿ ಅದನ್ನು ಬೂಸ್ಟರ್ ಅಂತ ಮಾದರಿ ಮಾಡಬೇಡಿ.

ಪ್ರಶ್ನೆ ಕೇಳಿದವರು
ಹೆಜ್ಜೆ ಇಳಿಸಿದೆ, 18,900ರ ಆಸುಪಾಸಿಗೇ ಬಂತು. ಸುಪ್ತಾವಧಿಗೆ ಇ ಗುಂಪು (ಸೋಂಕು ತಗಲಿದ್ದರೂ ಇನ್ನೂ ಹರಡದವರು) ಸೇರಿಸಿದರೆ ರೋಗ ನಿಲ್ಲಲು ಬೇಕಾದ ಲಸಿಕೆಯ ಮಿತಿ ಬದಲಾಗುತ್ತಾ?

ಉತ್ತರ 3
ಇಲ್ಲ, ಏರಿಕೆ ನಿಧಾನವಾಗುತ್ತೆ ಅಷ್ಟೆ. ಅದಕ್ಕಿಂತ ದೊಡ್ಡ ಮೋಸ ಸರಾಸರಿಯದು. ಶೇ. 90 ಜನರಲ್ಲಿ (ಎರಡು ಡೋಸ್) ಲಸಿಕೆ ಶೇ. 99, ಉಳಿದ ಶೇ. 10 ಜನರಲ್ಲಿ ಬರೀ ಶೇ. 50 ಅಂದುಕೊಳ್ಳಿ. ಸರಾಸರಿ 94.1! ಆ ಹಿಂದುಳಿದವರು ಹೆಚ್ಚಾಗಿ ತಮ್ಮೊಳಗೇ ಬೆರೆತರೆ ಅಲ್ಲಿನ ಆರ್ ಮೌಲ್ಯ (ಆರ್ ಗುಂಪಲ್ಲ, ಒಬ್ಬ ಸೋಂಕಿತನಿಂದ ಸೋಂಕು ತಗಲುವವರ ಸಂಖ್ಯೆ) 7.7ರ ಹತ್ತಿರ, ಉಳಿದವರಲ್ಲಿ 0.6. ಎರಡು ಗುಂಪು ಮಾಡಿ 2×2 ಸಂಪರ್ಕ ಮ್ಯಾಟ್ರಿಕ್ಸ್ (ಯಾವ ಗುಂಪು ಯಾವ ಗುಂಪಿನೊಡನೆ ಎಷ್ಟು ಬೆರೆಯುತ್ತೆ ಎಂಬ ಕೋಷ್ಟಕ) ಹಾಕಿ. ಹಾಕಿದ ಮೇಲೆ ಬೀಟಾ ಮತ್ತೆ ಹೊಂದಿಸಿ: ಲಸಿಕೆ ಇಲ್ಲದಾಗ ನೆಕ್ಸ್ಟ್ ಜನರೇಷನ್ ಮ್ಯಾಟ್ರಿಕ್ಸ್‌ನ (ಒಂದು ಗುಂಪಿನ ಸೋಂಕಿತನಿಂದ ಪ್ರತಿ ಗುಂಪಿನಲ್ಲಿ ಎಷ್ಟು ಮಂದಿಗೆ ಸೋಂಕು ಎಂಬ ಕೋಷ್ಟಕದ) ಅತಿದೊಡ್ಡ ಐಗನ್ ಮೌಲ್ಯ, ಅಂದರೆ ಇಡೀ ಜನಸಂಖ್ಯೆಯ ಆರ್‌ನಾಟ್, 15 ಇರಬೇಕು. ಇಲ್ಲದಿದ್ದರೆ ಕಾಣುವ ವ್ಯತ್ಯಾಸ ಬೆರೆಯುವ ರೀತಿಯಿಂದ ಬಂದಿದ್ದೋ ಬೀಟಾದಿಂದಲೋ ಗೊತ್ತಾಗಲ್ಲ.